ಹುಟ್ಟು ಹಿಡಿದ ಅಡುಗೆಯವರು

ಹೆಬ್ಬೆರಳಿಗೆ ಗಾಳ ಚುಚ್ಚಿಸಿಕೊಂಡ ಒಬ್ಬ ಮನುಷ್ಯ ಜಗಳಕ್ಕೆ ಜನ ಹುಡುಕುತ್ತಾ ಸಮುದ್ರದ ದಂಡೆಗೆ ಬಂದ. ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದಿದ್ದ. ಸೊಂಟದಲ್ಲಿ ಏಪ್ರನ್, ಅದರ ತುಂಬ ಎಣ್ಣೆಯ ಕಲೆ. ಮುಖದಲ್ಲಿ ನೋವಿಗಿಂತ ಸಿಟ್ಟೇ ಹೆಚ್ಚಾಗಿತ್ತು.

"ಈ ಗಾಳ ಯಾರದ್ದು?" ಎಂದು ಕಂಡಕಂಡವರನ್ನೆಲ್ಲ ಕೇಳಿದ.

ಮೀನು ಮಾರುವ ಅತ್ತೆ ಅವನ ಕೈ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದಳು. ಆ ದಂಡೆಯ ಎಲ್ಲರಿಗೂ ಆಕೆ ಅತ್ತೆಯೇ. ಗಾಳದ ತಲೆಯಲ್ಲಿ ಇನ್ನೂ ಒಂದು ಗೇಣು ದಾರ ನೇತಾಡುತ್ತಿತ್ತು.

"ಏಳು ಸುತ್ತಿನ ಗಂಟು. ಇದು ಮೇಷ್ಟ್ರ ಮನೇದು. ಅಗೋ, ಆ ಹಸಿರು ದೋಣಿ ಹತ್ರ ಕೂತಿದಾಳಲ್ಲ, ಅವಳ ಕೈಕೆಲಸ."

ಮೇಷ್ಟ್ರು ಎಂದರೆ ಶಾಲೆಯ ಮೆಟ್ಟಿಲು ಹತ್ತಿದವರೇನಲ್ಲ. ಗಾಳ ಹಾಕಿ ಮೀನು ಹಿಡಿಯುವುದನ್ನು ಆ ದಂಡೆಯ ಅರ್ಧ ಜನಕ್ಕೆ ಕಲಿಸಿದ್ದರಿಂದ ಬಂದ ಹೆಸರು ಅದು. ದೊಡ್ಡ ಬಲೆಯ ದೋಣಿಗಳು ಬಂದ ಮೇಲೂ ಬರೀ ದಾರ, ಗಾಳ, ಬೆರಳು ನಂಬಿಕೊಂಡು ಉಳಿದದ್ದು ಐದೇ ಮನೆ. ಅವುಗಳಲ್ಲಿ ಒಂದು ಮೇಷ್ಟ್ರದು. ಅವರ ಜೊತೆ ದೋಣಿಗೆ ಹೋಗುತ್ತಿದ್ದವಳು ಒಬ್ಬಳೇ ಮಗಳು. ವಯಸ್ಸು ಮೂವತ್ತೊಂದು. ಎರಡು ಸಂಬಂಧ ಬಂದಿದ್ದವು. ಎರಡೂ ಕಡೆಯವರು ಮದುವೆಯಾದ ಮೇಲೆ ದೋಣಿ ಬಿಡಬೇಕು ಎಂದರು. ಅವಳು ಸಂಬಂಧ ಬಿಟ್ಟಳು.

ಸಿಟ್ಟಿನ ಮನುಷ್ಯ ತನ್ನ ಕಡೆ ಬರುವುದನ್ನು ಅವಳು ನೋಡಿದಳು. ಅವನು ಬಾಯಿ ತೆಗೆಯುವ ಮೊದಲೇ ತೊಡೆಯ ಮೇಲಿದ್ದ ದಾರದ ಸುರುಳಿ ಪಕ್ಕಕ್ಕಿಟ್ಟು, "ಕೂತ್ಕೊಳ್ಳಿ" ಎಂದಳು.

"ಕೂರೋಕೆ ಬಂದಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನ ಅಡುಗೆಯವನು ನಾನು. ಮೀನಿನ ಬಾಯಲ್ಲಿ ಗಾಳ ಬಿಟ್ಟು ಮಾರ್ತೀರಲ್ಲ, ಗಿರಾಕಿ ಗಂಟಲಿಗೆ ಹೋಗಿದ್ರೆ?"

"ತಪ್ಪಾಯ್ತು. ಅದು ಆಳಕ್ಕೆ ನುಂಗಿರಬೇಕು. ಎಷ್ಟು ಹೊತ್ತಾಯ್ತು ಚುಚ್ಚಿ?"

"ಅರ್ಧ ಗಂಟೆ."

"ಹಾಗಾದ್ರೆ ಜಗಳ ಆಮೇಲೆ ಆಡೋಣ. ಕೈ ಇಲ್ಲಿಡಿ."

ಅವನು ಕುಳಿತ. ಅವಳು ಅವನ ಹೆಬ್ಬೆರಳನ್ನು ದೋಣಿಯ ಅಂಚಿಗೆ ಒತ್ತಿ ಹಿಡಿದಳು. ಗಾಳದ ಬಾಗಿನ ಸುತ್ತ ಒಂದು ತುಂಡು ದಾರ ಸುತ್ತಿ, ತನ್ನ ಮುಷ್ಟಿಗೆ ಬಿಗಿದುಕೊಂಡಳು. ಅವನು ಕಣ್ಣು ಮುಚ್ಚಿದ. ರೆಪ್ಪೆಗಳು ಉದ್ದವಾಗಿದ್ದವು, ಒಲೆಯ ಝಳಕ್ಕೆ ತುದಿ ಸ್ವಲ್ಪ ಸುಟ್ಟು ಕೆಂಚಗಾಗಿದ್ದವು. ಅಂಥದ್ದನ್ನು ಆ ಹೊತ್ತಿನಲ್ಲಿ ಗಮನಿಸಬಾರದಿತ್ತು, ಗಮನಿಸಿದಳು.

"ಒಂದು ಮಾತು ಕೇಳ್ಲಾ? ನಿಮಗೆ ಮದುವೆ ಆಗಿದೆಯಾ?"

ಅವನು ಬೆಚ್ಚಿ ಕಣ್ಣು ಬಿಟ್ಟ. ಅಷ್ಟರಲ್ಲಿ ಅವಳು ದಾರವನ್ನು ಜಗ್ಗಿ ಆಗಿತ್ತು. ಗಾಳ ಅವಳ ಮುಷ್ಟಿಯಲ್ಲಿತ್ತು. ಹೆಬ್ಬೆರಳಿನಲ್ಲಿ ಸಾಸಿವೆಯಷ್ಟು ರಕ್ತ.

"ಬೇರೆ ಕಡೆ ಗಮನ ಇರಬೇಕು. ಇಲ್ಲದಿದ್ರೆ ಕೈ ಬಿಗಿ ಹಿಡೀತೀರಿ, ಮುಳ್ಳು ಇನ್ನೂ ಒಳಗೆ ಹೋಗುತ್ತೆ" ಎಂದಳು, ಕಿವಿ ಬಿಸಿಯಾಗಿದ್ದನ್ನು ಮರೆಮಾಚುತ್ತಾ. "ಈಗ ಜಗಳ ಆಡಬಹುದು."

ಅವನು ಬೆರಳನ್ನೊಮ್ಮೆ, ಅವಳನ್ನೊಮ್ಮೆ ನೋಡಿದ. "ಮರೆತುಹೋಯ್ತು" ಎಂದ.

ಮಾರನೆಯ ಸಂಜೆ ಮತ್ತೆ ಬಂದ. ಈ ಸಲ ಕೈಯಲ್ಲಿ ಗಾಳವಿರಲಿಲ್ಲ, ಬುಟ್ಟಿಯಿತ್ತು. ಮೀನುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, "ಆಗಿಲ್ಲ" ಎಂದ.

"ಏನು ಆಗಿಲ್ಲ?"

"ನಿನ್ನೆ ಕೇಳಿದ್ರಲ್ಲ. ಮದುವೆ."

ಮೀನಿನತ್ತೆ ಕೆಮ್ಮಿದಳು. ಆ ಕೆಮ್ಮಿಗೂ ಶೀತಕ್ಕೂ ಸಂಬಂಧವಿರಲಿಲ್ಲ.

ಆಮೇಲೆ ದಿನಾ ಬರತೊಡಗಿದ. ಬಲೆಯ ಮೀನು ಒಂದರ ಮೇಲೊಂದು ಬಿದ್ದು ನಜ್ಜುಗುಜ್ಜಾಗಿರುತ್ತದೆ, ಗಾಳದ ಮೀನು ಹಾಗಲ್ಲ, ಬಾಣಲೆಯಲ್ಲಿ ಮುರಿಯುವುದಿಲ್ಲ ಎಂದು ಅವನ ವಾದ. ಆರಿಸುವಾಗ ಅವನು ಕಣ್ಣಿನಿಂದ ನೋಡುತ್ತಿರಲಿಲ್ಲ. ಎರಡು ಬೆರಳನ್ನು ಮೀನಿನ ಬೆನ್ನ ಮೇಲೆ ಮೆಲ್ಲಗೆ ಒತ್ತಿ, "ಇದು ಬೆಳಿಗ್ಗೇದು. ಇದು ಅದಕ್ಕಿಂತ ಒಂದು ಗಂಟೆ ಮೊದಲಿನದು" ಎನ್ನುತ್ತಿದ್ದ. ಒಂದು ಸಂಜೆ ಮೇಷ್ಟ್ರು ಪರೀಕ್ಷೆ ಮಾಡಲೆಂದೇ ಆರು ಮೀನನ್ನು ಅದಲುಬದಲಾಗಿಟ್ಟರು. ಅವನು ಆರನ್ನೂ ಹಿಡಿದ ಸರದಿಯಲ್ಲೇ ಜೋಡಿಸಿಟ್ಟ.

"ಬೆರಳು ಬದುಕಿದೆ ಇವರದ್ದು" ಎಂದರು ಮೇಷ್ಟ್ರು. ಮಗಳನ್ನು ಬಿಟ್ಟು ಇನ್ನೊಬ್ಬರ ಬಗ್ಗೆ ಅವರು ಹಾಗೆ ಹೇಳಿದ್ದು ಯಾರೂ ಕೇಳಿರಲಿಲ್ಲ.

"ಗಾಳಕ್ಕೆ ಮೀನು ಬಂತು ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?" ಎಂದು ಅವನು ಅವಳನ್ನು ಕೇಳಿದ.

ಮಾತಿನಲ್ಲಿ ಹೇಳಲು ಬರದೆ ಅವಳು ದಾರದ ಒಂದು ತುದಿಯನ್ನು ಅವನ ತೋರುಬೆರಳಿನ ಮೇಲೆ ಹಾಯಿಸಿದಳು. ಇನ್ನೊಂದು ತುದಿ ಹಿಡಿದು ಇಪ್ಪತ್ತು ಹೆಜ್ಜೆ ದೂರ ಹೋಗಿ, ದೋಣಿಯ ಮರೆಯಲ್ಲಿ ಕುಳಿತಳು.

"ಇದು?" ಎಂದು ದಾರ ಅಲುಗಿಸಿದಳು.

"ಕಚ್ಚಿತು."

"ಅಲ್ಲ. ಅದು ಅಲೆ. ಇದು?"

"ಅಲೆ."

"ಅದು ಸಣ್ಣ ಮೀನು, ಎರೆ ತಿಂದು ಹೋಯ್ತು. ಅಡುಗೆಯವರೇ, ಇವತ್ತು ಉಪವಾಸ ನೀವು. ಇದು?"

ಅವಳು ಮತ್ತೊಮ್ಮೆ ದಾರವನ್ನು ತುಸುವೇ ಎಳೆದಳು, ಸುಮ್ಮನೆ, ಯಾವ ಮೀನನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳದೆ.

"ಇದು ಮೀನಲ್ಲ" ಎಂದು ದೋಣಿಯ ಆಚೆಯಿಂದ ಅವನ ದನಿ ಬಂತು. "ಇದು ನೀವು."

ಅವಳು ದಾರ ಬಿಟ್ಟುಬಿಟ್ಟಳು. ಮರೆಯಿಂದ ಎದ್ದು ಬರಲು ಸ್ವಲ್ಪ ಹೊತ್ತು ಬೇಕಾಯಿತು.

ಆ ತಿಂಗಳ ಕೊನೆಗೆ ಮೇಷ್ಟ್ರ ಬಲಭುಜ ಕೈ ಕೊಟ್ಟಿತು. ದೊಡ್ಡ ಮೀನೊಂದು ದಾರ ಸಮೇತ ಕೆಳಕ್ಕೆ ಧುಮುಕಿದಾಗ ಬಿಡದೆ ಹಿಡಿದುಕೊಂಡದ್ದೇ ಕಾರಣ. ಒಳಗೆ ಏನೋ ಹರಿದಿದೆ, ಆರು ತಿಂಗಳು ಭಾರ ಎತ್ತುವಂತಿಲ್ಲ, ಹುಟ್ಟು ಹಾಕುವ ಮಾತೇ ಇಲ್ಲ ಎಂದರು ಡಾಕ್ಟರು.

ಗಾಳದ ದೋಣಿಗೆ ಇಬ್ಬರು ಬೇಕೇ ಬೇಕು. ಮೀನಿರುವುದು ನೀರೊಳಗಿನ ಬಂಡೆಗಳ ಸಂದಿಯಲ್ಲಿ. ಅಲ್ಲಿ ಲಂಗರು ಬಿಟ್ಟರೆ ಸಿಕ್ಕಿಕೊಂಡು ಮೇಲೆ ಬರುವುದಿಲ್ಲ. ಹಾಗಾಗಿ ಒಬ್ಬರು ದಾರ ಹಿಡಿದರೆ ಇನ್ನೊಬ್ಬರು ಹುಟ್ಟು ಹಾಕುತ್ತಾ ದೋಣಿಯನ್ನು ಸರಿಯಾಗಿ ಬಂಡೆಯ ಮೇಲೆಯೇ ನಿಲ್ಲಿಸಿಕೊಂಡಿರಬೇಕು. ಸೆಳೆತ ಒಂದೇ ಸಮ ಇರುವುದಿಲ್ಲ, ಕೈಯೂ ಒಂದೇ ಸಮ ಇರುವಂತಿಲ್ಲ.

ಒಂಬತ್ತು ದಿನ ಹಸಿರು ದೋಣಿ ಮರಳ ಮೇಲೆ ಮಕಾಡೆ ಮಲಗಿತ್ತು. ಹತ್ತನೆಯ ದಿನ ಅವಳು ಮೀನು ಕತ್ತರಿಸುವ ಫ್ಯಾಕ್ಟರಿಗೆ ಅರ್ಜಿ ಹಾಕಿ ಬಂದಳು. ಸೋಮವಾರದಿಂದ ಕೆಲಸಕ್ಕೆ ಬರಲು ಹೇಳಿದ್ದರು. ಮನೆಯ ಮೆಟ್ಟಿಲ ಮೇಲೆ ಅಡುಗೆಯವನು ಕುಳಿತಿದ್ದ, ಪಕ್ಕದಲ್ಲಿ ಭುಜಕ್ಕೆ ಪಟ್ಟಿ ಕಟ್ಟಿಸಿಕೊಂಡ ಮೇಷ್ಟ್ರು.

"ಹೋಟೆಲ್ ಬಾಗಿಲು ತೆಗೆಯೋದು ಹನ್ನೊಂದಕ್ಕೆ. ಬೆಳಿಗ್ಗೆ ಐದರಿಂದ ಒಂಬತ್ತರವರೆಗೆ ನಾನು ಖಾಲಿ" ಎಂದ ಅವನು.

"ಅದಕ್ಕೆ?"

"ಹುಟ್ಟು ಹಾಕೋಕೆ ಬರ್ತೀನಿ."

"ನಿಮಗೆ ಬರುತ್ತಾ?"

"ಅಡುಗೆಮನೇಲೂ ಹುಟ್ಟು ಇರುತ್ತೆ. ಮರದ ಸೌಟಿಗೆ ನಮ್ಮಜ್ಜಿ ಹುಟ್ಟು ಅಂತಾನೇ ಅನ್ನೋರು. ಇಪ್ಪತ್ತು ವರ್ಷದಿಂದ ಹಂಡೆ ತಿರುವಿದ ಕೈ ಇದು."

"ಸಮುದ್ರ ಹಂಡೆ ಅಲ್ಲ."

"ಅಲ್ಲ. ಆದ್ರೆ ಎರಡರಲ್ಲೂ ಉಪ್ಪಿದೆ."

ಅವಳು ನಗಬಾರದೆಂದು ತುಟಿ ಕಚ್ಚಿದಳು. ಮೇಷ್ಟ್ರು ನಕ್ಕೇಬಿಟ್ಟರು, ಭುಜ ನೊಂದು ಅರ್ಧಕ್ಕೆ ನಿಲ್ಲಿಸಿದರು.

ಸೋಮವಾರ ಅವಳು ಫ್ಯಾಕ್ಟರಿಗೆ ಹೋಗುವ ಬದಲು ಅವನ ಜೊತೆ ದೋಣಿ ಹತ್ತಿದಳು. ಮೊದಲ ದಿನ ಅವನು ನಾಲ್ಕು ಸಲ ವಾಂತಿ ಮಾಡಿಕೊಂಡ. ಎರಡನೆಯ ದಿನ ಮೂರು ಸಲ. ಈಜು ಬಾರದವನು ಎಂದು ತಿಳಿದದ್ದೂ ಆವತ್ತೇ, ಅದೂ ದಡದಿಂದ ಒಂದು ಮೈಲಿ ದೂರದಲ್ಲಿ. ಅವಳು ಬೈಯುತ್ತಾ ದೋಣಿಯಲ್ಲಿದ್ದ ಹಳೆಯ ಟ್ಯೂಬನ್ನು ಅವನ ಸೊಂಟಕ್ಕೆ ಕಟ್ಟಿದಳು. ಗಂಟು ಬಿಗಿಯುವಾಗ ಅವನ ಉಸಿರು ಅವಳ ಹಣೆಗೆ ತಾಗಿತು. ಬೈಗುಳದ ಮುಂದಿನ ಮಾತು ಮರೆತುಹೋಯಿತು.

"ನಿಲ್ಲಿಸಿಬಿಟ್ರಲ್ಲ. ಇನ್ನೂ ಸ್ವಲ್ಪ ಬೈದ್ರೆ ಹೊಟ್ಟೆ ತೊಳಸೋದು ಮರೆಯುತ್ತೆ" ಎಂದ ಅವನು.

ಮೇಷ್ಟ್ರು ಅವನಿಗೆ ವಾಂತಿವೀರ ಎಂದು ಹೆಸರಿಟ್ಟರು. ಎಂಟನೆಯ ದಿನ ಬಿರುದು ಸುಳ್ಳಾಯಿತು. ಅಂದು ಅವನು ಎರಡು ಗಂಟೆ ಹೊತ್ತು ದೋಣಿಯನ್ನು ಬಂಡೆಯ ಮೇಲೆಯೇ ನಿಲ್ಲಿಸಿದ. ಅವಳು ಹದಿನಾಲ್ಕು ಮೀನು ಹಿಡಿದಳು. ಹಿಂದಿರುಗುವಾಗ ಅವನ ಅಂಗೈ ಬೊಬ್ಬೆ ಎದ್ದಿದ್ದನ್ನು ಕಂಡು ತನ್ನ ತಲೆಗೆ ಕಟ್ಟಿದ್ದ ಬಟ್ಟೆಯನ್ನೇ ಹರಿದು ಸುತ್ತಿದಳು. ದೋಣಿ ಸ್ವಲ್ಪ ಹೊತ್ತು ತನಗೆ ತೋಚಿದ ಕಡೆ ಹೋಯಿತು.

ಆ ಬಂಡೆಯ ಜಾಗ ಮೇಷ್ಟ್ರ ಗುಟ್ಟು. ನೀರಿನ ಮೇಲೆ ಅದರ ಗುರುತೇ ಇರಲಿಲ್ಲ. ಐಸ್ ಫ್ಯಾಕ್ಟರಿಯ ಚಿಮಣಿ ದೀಪಸ್ತಂಭದ ಹಿಂದೆ ಅಡಗಬೇಕು, ನೀರಿನ ಟ್ಯಾಂಕು ಶಾಲೆಯ ಗೋಡೆಯ ಬಲತುದಿಗೆ ತಾಗಬೇಕು, ಆಗ ದೋಣಿಯ ಕೆಳಗೆ ಬಂಡೆ. ಮೇಷ್ಟ್ರು ಮೂವತ್ತು ವರ್ಷ ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದರು. ಮಗಳಿಗೆ ಹೇಳಿದ್ದೂ ಅವಳಿಗೆ ಇಪ್ಪತ್ತು ತುಂಬಿದ ಮೇಲೆ. ಅವಳು ಅಡುಗೆಯವನಿಗೆ ಹೇಳಿದ್ದು ಮೂರನೆಯ ದಿನವೇ. ಹೇಳದೆ ದೋಣಿ ನಿಲ್ಲಿಸುವುದು ಸಾಧ್ಯವಿರಲಿಲ್ಲ. "ಯಾರಿಗೂ ಬಾಯಿ ಬಿಡಬಾರದು" ಎಂದಿದ್ದಳು. ಅವನು ತಲೆಯಾಡಿಸಿದ್ದ.

ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಬಂಡೆಯ ಹತ್ತಿರ ಹೋದರೆ ಅಲ್ಲಿ ಆಗಲೇ ಎರಡು ಗಾಳದ ದೋಣಿಗಳಿದ್ದವು. ಹೆಚ್ಚು ಹತ್ತಿರವೂ ಅಲ್ಲ, ದೂರವೂ ಅಲ್ಲ. ಮಾರನೆಯ ದಿನ ನಾಲ್ಕಾದವು.

ದೋಣಿ ಮರಳಿಗೆ ತಾಗಿದ ಮೇಲೆ ಕೇಳಿದಳು.

"ಯಾರ ಹತ್ರ ಹೇಳಿದ್ರಿ?"

"ನಾನು ಹೇಳಿಲ್ಲ."

"ಬಂಡೆ ಗೊತ್ತಿದ್ದದ್ದು ಮೂರೇ ಜನಕ್ಕೆ. ನಾನು ಹೇಳಿಲ್ಲ. ಅಪ್ಪ ಸತ್ರೂ ಹೇಳಲ್ಲ. ಇನ್ನು ಉಳಿದವರು ಯಾರು?"

ಅವನು ಏನೋ ಹೇಳಲು ಹೊರಟವನು ನಿಲ್ಲಿಸಿದ. ಅವಳ ಮುಖ ನೋಡಿದ, ಆಮೇಲೆ ಮರಳು ನೋಡಿದ.

"ಹೋಟೆಲಲ್ಲಿ ಯಾರ ಮುಂದಾದ್ರೂ ದೊಡ್ಡಸ್ತಿಕೆಗೆ ಹೇಳಿಕೊಂಡಿರ್ತೀರಿ" ಎಂದಳು.

"ಹಾಗಂತ ಅನ್ನಿಸುತ್ತಾ ನಿಮಗೆ?"

"ಬೇರೆ ಏನು ಅನ್ನಿಸಬೇಕು?"

ಅವನು ಹುಟ್ಟನ್ನು ದೋಣಿಯೊಳಗೆ ಸದ್ದಾಗದಂತೆ ಇಟ್ಟ. ಅಂಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಮಡಚಿ ಜೇಬಿಗಿಟ್ಟುಕೊಂಡ. "ಒಬ್ಬರೇ ಹೋಗಬೇಡಿ. ಇನ್ನೊಬ್ಬರನ್ನ ನೋಡ್ಕೊಳ್ಳಿ" ಎಂದಷ್ಟೇ ಹೇಳಿ ಹೊರಟುಹೋದ.

ಅವನು ಜಗಳವಾಡಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಮೂರು ದಿನ ಮನೆಯಲ್ಲಿ ಮುಖ ಊದಿಸಿಕೊಂಡಿದ್ದಳು. ಏನಾಯಿತೆಂದು ಮೇಷ್ಟ್ರು ಕೇಳಿದರೆ, ಅವರಿಗೆ ಹೋಟೆಲಲ್ಲಿ ಕೆಲಸ ಜಾಸ್ತಿಯಂತೆ ಎಂದಳು. ಬಂಡೆಯ ಗುಟ್ಟು ಹೊರಬಿದ್ದದ್ದು ತಿಳಿದರೆ ಅಪ್ಪನ ಎದೆ ಒಡೆಯುತ್ತದೆ ಎಂದು ಅವಳ ಲೆಕ್ಕ. ಅಪ್ಪನೂ ಯಾಕೋ ಮಾತು ಬೆಳೆಸಲಿಲ್ಲ.

ನಾಲ್ಕನೆಯ ದಿನ ಹಟ ಹಿಡಿದು ಒಬ್ಬಳೇ ದೋಣಿ ತೆಗೆದುಕೊಂಡು ಬಂಡೆಯ ಕಡೆ ಹೋದಳು. ದಾರವನ್ನು ಮೊಣಕಾಲಿಗೆ ಸುತ್ತಿ, ಎರಡೂ ಕೈಯಲ್ಲಿ ಹುಟ್ಟು ಹಿಡಿದಳು. ಒಂದು ಗಂಟೆ ಹೇಗೋ ನಡೆಯಿತು. ಆಮೇಲೆ ಸೆಳೆತ ದಿಕ್ಕು ಬದಲಿಸಿತು, ಅದೇ ಹೊತ್ತಿಗೆ ಮೀನೂ ಕಚ್ಚಿತು. ಕಾಲು ಒಂದು ಕಡೆ, ಕೈ ಒಂದು ಕಡೆ. ದಾರ ಬಿಡಿಸಲು ಬಾಗಿದಾಗ ಹುಟ್ಟು ಜಾರಿ ನೀರಿಗೆ ಬಿತ್ತು. ದೋಣಿ ಅಡ್ಡ ತಿರುಗಿ ಅಲೆ ಒಡೆಯುವ ಕಡೆಗೆ ಜಾರತೊಡಗಿತು. ಮೊದಲ ಅಲೆ ಅಂಚು ದಾಟಿ ಒಳಗೆ ಬಂದು ಮೊಣಕಾಲವರೆಗೆ ನೀರಾಯಿತು. ಎರಡನೆಯದು ಬರುವ ಮೊದಲು ಒಂದು ಹಗ್ಗ ಅವಳ ಹೆಗಲ ಮೇಲೆ ಬಿತ್ತು.

"ಹಿಡ್ಕೋ ಮಗಾ. ಹಿಡ್ಕೊಂಡು ಮುಂದಿನ ಗೂಟಕ್ಕೆ ಸುತ್ತು."

ಪಕ್ಕದ ದೋಣಿಯವರು, ಅವಳು ಚಿಕ್ಕಪ್ಪ ಎಂದು ಕರೆಯುವವರು. ಮೇಷ್ಟ್ರ ಹತ್ತಿರವೇ ಗಾಳ ಕಟ್ಟಲು ಕಲಿತವರು, ಈಗ ಗಡ್ಡವೆಲ್ಲ ಬೆಳ್ಳಗಾಗಿತ್ತು. ಇನ್ನೊಂದು ದೋಣಿಯವರು ಅವಳ ಹುಟ್ಟನ್ನು ಹಿಡಿದು ತಂದರು. ಎರಡು ದೋಣಿಗಳ ನಡುವೆ ಅವಳ ದೋಣಿ ನಡುಗುತ್ತಾ ನಿಂತಿತು.

"ನಿಮ್ಮಪ್ಪ ಹೇಳಿದ್ದು ಒಳ್ಳೇದೇ ಆಯ್ತು" ಎಂದರು ಚಿಕ್ಕಪ್ಪ, ಮಗ್ಗಿನಿಂದ ನೀರು ತೋಡಿ ಹಾಕುತ್ತಾ.

"ಅಪ್ಪ ಏನು ಹೇಳಿದ್ರು?"

"ಬಂಡೆ ಜಾಗ. ಹೋಟೆಲಲ್ಲಿ ಕೂತು ಟೀ ಕುಡೀತಾ ನಮಗೆ ನಾಲ್ಕೂ ಜನಕ್ಕೆ ಹೇಳಿದ್ರಲ್ಲ. ನನ್ನ ಮಗಳು ಈಜು ಬಾರದವರನ್ನ ಕರ್ಕೊಂಡು ಅಷ್ಟು ದೂರ ಹೋಗ್ತಾಳೆ, ನೀವೂ ಅಲ್ಲೇ ಗಾಳ ಹಾಕಿ, ಒಂದು ಕಣ್ಣು ಇಟ್ಟಿರಿ ಅಂದ್ರು. ನಿನಗೆ ಗೊತ್ತಿರಲಿಲ್ವಾ?"

ಮೈಯೆಲ್ಲ ಒದ್ದೆಯಾಗಿದ್ದರೂ ಅವಳ ಬಾಯಿ ಮಾತ್ರ ಒಣಗಿತ್ತು.

ದೋಣಿಯನ್ನು ದಡಕ್ಕೆಳೆದು ಬಟ್ಟೆ ಬದಲಿಸಲೂ ಮನೆಗೆ ಹೋಗದೆ, ನೇರ ಬಸ್ ಸ್ಟ್ಯಾಂಡ್ ಕಡೆ ನಡೆದಳು. ಹೋಟೆಲಿನ ಹಿಂದಿನ ಬಾಗಿಲು ತೆರೆದಿತ್ತು. ಮಧ್ಯಾಹ್ನದ ಊಟದ ಗಲಾಟೆ. ಮೂರು ಒಲೆ ಒಟ್ಟಿಗೆ ಉರಿಯುತ್ತಿದ್ದವು, ಹೊರಗಿನಿಂದ ಸಪ್ಲೈಯರ್ ತಟ್ಟೆಗಳ ಸಂಖ್ಯೆ ಕೂಗುತ್ತಿದ್ದ. ಮುಂಗೈಯಿಂದ ಬೆವರೊರೆಸಿಕೊಳ್ಳುತ್ತಾ ತಿರುಗಿದ ಅಡುಗೆಯವನು ಅವಳನ್ನು ಕಂಡು ಸೌಟು ಹಿಡಿದ ಹಾಗೇ ನಿಂತುಬಿಟ್ಟ.

"ಒಬ್ಬರೇ ಹೋಗಿದ್ರಾ?" ಅವನ ಮೊದಲ ಮಾತು ಅದು.

"ನಿಮಗೆ ಗೊತ್ತಿತ್ತಾ, ಹೇಳಿದ್ದು ಅಪ್ಪ ಅಂತ?"

ಅವನು ಗೋಡೆಯಲ್ಲಿದ್ದ ಸಣ್ಣ ಕಿಟಕಿ ತೋರಿಸಿದ. ತಟ್ಟೆಗಳು ಆಚೆ ಹೋಗುವ ಕಿಟಕಿ. ಅದರ ಪಕ್ಕದಲ್ಲೇ ಟೀ ಕುಡಿಯುವವರ ಮೇಜು. "ಎಲ್ಲ ಕೇಳಿಸುತ್ತೆ ಇಲ್ಲಿಗೆ."

"ಮತ್ತೆ ಯಾಕೆ ಹೇಳಲಿಲ್ಲ? ನಾನು ಅಷ್ಟೆಲ್ಲ ಅಂದೆನಲ್ಲ."

"ಅಪ್ಪ ಸತ್ರೂ ಹೇಳಲ್ಲ ಅಂದ್ರಿ. ಆ ಮಾತು ಹೇಳುವಾಗ ನಿಮ್ಮ ಮುಖ ಹೇಗಿತ್ತು ಅಂತ ನಿಮಗೆ ಗೊತ್ತಿಲ್ಲ." ಅವನು ಒಲೆಯ ಉರಿ ತಗ್ಗಿಸಿದ. "ಇಬ್ಬರಲ್ಲಿ ಒಬ್ಬರ ಮೇಲಿನ ನಂಬಿಕೆ ಹೋಗಲೇಬೇಕು ಅಂದ್ರೆ ನನ್ನದು ಹೋಗಲಿ ಅಂದ್ಕೊಂಡೆ. ನನ್ನದು ಮೂರು ವಾರದ್ದು. ಅವರದ್ದು ಮೂವತ್ತು ವರ್ಷದ್ದು."

ಸಮುದ್ರದಲ್ಲಿ ಅಳದವಳಿಗೆ ಅಲ್ಲಿ, ಪಾತ್ರೆಗಳ ನಡುವೆ, ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದ ಹೆಂಗಸು ಈರುಳ್ಳಿ ಸಮೇತ ಎದ್ದು ಹಿತ್ತಲಿಗೆ ಹೋದಳು.

"ತಪ್ಪಾಯ್ತು" ಎಂದಳು. "ನಾಳೆ ಬರ್ತೀರಾ?"

"ಇಲ್ಲ."

ಅವಳು ತಲೆ ಎತ್ತಿದಳು.

"ಕೆಲಸದವನಾಗಿ ಬರಲ್ಲ" ಎಂದ ಅವನು. ಒಲೆಯ ಕೆಂಪೋ ಇನ್ನೇನೋ, ಕಿವಿಯವರೆಗೂ ಮುಖ ಕೆಂಪಗಾಗಿತ್ತು. "ಮನೆಯವನಾಗಿ ಕರೆದರೆ ಬರ್ತೀನಿ. ನಿಧಾನಕ್ಕೆ ಯೋಚನೆ ಮಾಡಿ. ಅವಸರ ಇಲ್ಲ. ಅವಸರ ಇದೆ, ಆದ್ರೂ ಇಲ್ಲ."

ಹೊರಗಿನಿಂದ ಏಳು ಊಟ ಎಂಬ ಕೂಗು ಬಂತು. ಅವಳು ಬಂದ ಬಾಗಿಲಲ್ಲೇ ಹೊರಗೆ ಹೋದಳು. ದಾರಿಯುದ್ದಕ್ಕೂ ಒದ್ದೆ ಚಪ್ಪಲಿ ಕಿಚಕಿಚ ಎನ್ನುತ್ತಿತ್ತು. ಜನ ತಿರುಗಿ ನೋಡಿದರು. ತಾನು ನಗುತ್ತಿದ್ದೇನೆ ಎಂದು ಅವಳಿಗೆ ಆಮೇಲೆ ತಿಳಿಯಿತು.

ಮನೆಯಲ್ಲಿ ಅಪ್ಪ ಜಗಲಿಯ ಮೇಲೆ ಕುಳಿತು ಒಂದೇ ಕೈಯಲ್ಲಿ ದಾರದ ಸಿಕ್ಕು ಬಿಡಿಸುತ್ತಿದ್ದರು. ಅವಳು ಎದುರಿಗೆ ಕುಳಿತು ಇನ್ನೊಂದು ತುದಿ ಹಿಡಿದುಕೊಂಡಳು.

"ಬಂಡೆ ಜಾಗ ಹೇಳಿಬಿಟ್ರಂತೆ."

ಮೇಷ್ಟ್ರು ಸಿಕ್ಕಿನಿಂದ ಕಣ್ಣು ತೆಗೆಯಲಿಲ್ಲ. "ಬಂಡೆ ಇಟ್ಕೊಂಡು ಮಗಳನ್ನ ಕಳ್ಕೊಳ್ಲಾ?"

"ಮೂವತ್ತು ವರ್ಷದ ಗುಟ್ಟು ಅಪ್ಪಾ."

"ಗಾಳ ಹಾಕಿದ್ರೆ ಬಂಡೆ ಖಾಲಿ ಆಗಲ್ಲ. ಐದು ದೋಣಿ ತಿಂದು ಮಿಗುತ್ತೆ. ನಾನು ಜಿಪುಣ ಆಗಿದ್ದೆ, ಅಷ್ಟೇ. ಈ ಭುಜ ಹೋದ ಮೇಲೆ ದಡದಲ್ಲಿ ಕೂತು ನಿನ್ನ ದಾರಿ ಕಾಯೋದಿದೆಯಲ್ಲ, ಅದು ಬಹಳ ಕಷ್ಟ. ನಿಮ್ಮಮ್ಮ ಅಷ್ಟು ವರ್ಷ ಹೇಗೆ ಕಾದಳೋ ಅಂತ ಈಗ ಅನ್ನಿಸುತ್ತೆ."

ಅವಳು ಅವರ ನೋಯದ ಭುಜಕ್ಕೆ ಹಣೆ ಒರಗಿಸಿದಳು.

"ನಿಮ್ಮ ವಾಂತಿವೀರ ಹೇಗೆ?" ಎಂದಳು, ಮುಖ ತೋರಿಸದೆ. "ಹುಟ್ಟು ಹಾಕೋದು."

"ಕೆಟ್ಟದಾಗಿ ಹಾಕ್ತಾನೆ. ನೀರು ನೋಡೋದೇ ಇಲ್ಲ." ಮೇಷ್ಟ್ರು ಒಂದು ಗಂಟು ಬಿಡಿಸಿ ದಾರ ಎಳೆದರು. "ನಿನ್ನ ಮಣಿಕಟ್ಟು ನೋಡ್ತಾ ಇರ್ತಾನೆ. ಅದು ತಿರುಗಿದ ಕಡೆ ದೋಣಿ ತಿರುಗಿಸ್ತಾನೆ. ಅದನ್ನ ನಾನು ಯಾರಿಗೂ ಕಲಿಸಿಲ್ಲ, ಕಲಿಸೋಕೂ ಬರಲ್ಲ. ದೋಣಿ ದಡ ಬಿಡುವಾಗ್ಲೇ ಕಾಣಿಸುತ್ತೆ."

ಮಾರನೆಯ ಬೆಳಿಗ್ಗೆ ಐದಕ್ಕೆ ಸಮುದ್ರ ಬೂದಿ ಬಣ್ಣದಲ್ಲಿತ್ತು. ಐದೂ ಗಾಳದ ದೋಣಿಗಳವರು ದಂಡೆಯಲ್ಲಿದ್ದರು. ಮೀನಿನತ್ತೆಯೂ ಯಾವತ್ತೂ ಇಲ್ಲದೆ ಅಷ್ಟು ಬೇಗ ಬಂದು ಖಾಲಿ ಬುಟ್ಟಿಯ ಮೇಲೆ ಕುಳಿತಿದ್ದಳು. ಕರೆಯದೆ ಬರುವುದಿಲ್ಲ ಎಂದಿದ್ದ ಅಡುಗೆಯವನು ಐಸ್ ಫ್ಯಾಕ್ಟರಿಯ ಗೋಡೆಗೆ ಒರಗಿ, ಕೈಕಟ್ಟಿಕೊಂಡು, ಬರೀ ಗಾಳಿ ಕುಡಿಯಲು ಬಂದವನಂತೆ ಆಕಾಶ ನೋಡುತ್ತಿದ್ದ.

ಅವಳು ಹಸಿರು ದೋಣಿಯನ್ನು ತಳ್ಳಿ ನೋಡಿದಳು. ಒಬ್ಬಳಿಗೆ ಅದು ಮಿಸುಕಲಿಲ್ಲ. ಮಿಸುಕಲೆಂದು ಅವಳು ತಳ್ಳಿಯೂ ಇರಲಿಲ್ಲ.

"ರೀ" ಎಂದಳು.

ಒಂದೇ ಅಕ್ಷರ. ಬಸ್ಸಿನಲ್ಲಿ ಕಂಡಕ್ಟರನ್ನು ಕರೆಯಲೂ ಜನ ಬಳಸುವುದು ಅದನ್ನೇ. ಆದರೆ ಅವಳು ಅದನ್ನು ಹೇಳಿದ ರೀತಿಗೆ, ನೀರಿಗಿಳಿಯುತ್ತಿದ್ದ ಚಿಕ್ಕಪ್ಪ ಮೊಣಕಾಲುದ್ದ ನೀರಿನಲ್ಲಿ ನಿಂತು ತಿರುಗಿ ನೋಡಿದರು. ಮೀನಿನತ್ತೆಗೆ ಕೆಮ್ಮಲೂ ಮರೆತುಹೋಯಿತು.

ಗೋಡೆಗೆ ಒರಗಿದ್ದವನು ನೆಟ್ಟಗಾದ. "ನನ್ನನ್ನಾ?"

"ಇನ್ಯಾರನ್ನ? ರೀ, ಹೊತ್ತಾಯ್ತು. ಸ್ವಲ್ಪ ಕೈ ಕೊಡಿ."

ಅವನು ಮರಳಿನ ಮೇಲೆ ಓಡಿದಂತೆ ಬಂದ. ಅವಳ ಪಕ್ಕದಲ್ಲಿ ದೋಣಿಯ ಅಂಚಿಗೆ ಕೈ ಹಚ್ಚಿದವನು, ಒಂದು ಕ್ಷಣ ತಡೆದು, ಆ ಕೈ ತೆಗೆದು ಅವಳ ಕೈಯ ಮೇಲಿಟ್ಟ.

"ಕೈ ಕೊಡೋನಲ್ಲ ನಾನು" ಎಂದ ಮೆಲ್ಲಗೆ. "ಹಿಡಿಯೋನು."

"ಸಾಕು, ತಳ್ಳಿ" ಎಂದಳು ಅವಳು. ಕೈಯನ್ನು ಮಾತ್ರ ಎಳೆದುಕೊಳ್ಳಲಿಲ್ಲ.